ಹಾಲಿನ ಗಾಡಿ ಮೊರೆಯದ ಬೆಳಿಗ್ಗೆ

ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿಯ ಚುಕ್ಕಿ ಇಡುತ್ತಾ ಕೂತಿದ್ದೆ. ಮೊದಲ ಸಾಲು ಮುಗಿದು ಎರಡನೆಯದಕ್ಕೆ ಪುಡಿ ಹಿಡಿದಿದ್ದೆನಷ್ಟೆ, ಬೀದಿಯ ಕಡೆಯಿಂದ ಒಂದು ಮೊರೆತ ಎದ್ದಿತು. ಕೆರಳಿದ ಹೆಜ್ಜೇನು ಮೈಮೇಲೇ ಬಂದ ಹಾಗಿತ್ತು. ಅಷ್ಟು ದೊಡ್ಡ ಮೊರೆತವೆಂದರೆ ಯಾವುದೋ ಭಾರದ ಗಾಡಿ ಓಡುತ್ತಿದ್ದದ್ದು ಗಕ್ಕನೆ ನಿಂತಿದೆ ಎಂದೇ ಅರ್ಥ. ಪುಡಿಯನ್ನು ಅಲ್ಲೇ ಚೆಲ್ಲಿ ಎದ್ದು ಓಡಿದೆ.

ಬೀದಿಯ ನಟ್ಟನಡುವೆ ಕೆಂಚಪ್ಪನ ಹಾಲಿನ ಗಾಡಿ ಓರೆಯಾಗಿ ನಿಂತಿತ್ತು. ಕೆಂಚಪ್ಪ ಒಂದು ಕಾಲನ್ನು ಹಿಂದಿನ ಹಲಗೆಯ ಮೇಲಿಟ್ಟು, ಇನ್ನೊಂದರ ಹಿಮ್ಮಡಿಯನ್ನು ನೆಲಕ್ಕೆ ಊರಿ, ಮೈಯೆಲ್ಲ ಹಿಂದಕ್ಕೆ ಎಳೆದುಕೊಂಡು ನಿಂತಿದ್ದ. ಕ್ಯಾನುಗಳ ಬಾಯಿಂದ ಹಾಲು ಮುಂದಕ್ಕೆ ತುಳುಕಿ ಕರಿಕಲ್ಲಿನ ಮೇಲೆ ಹರಿಯುತ್ತಿತ್ತು. ಆ ಹಾಲು ಹರಿದು ಮುಟ್ಟಿದ್ದು ನನ್ನ ಮಗಳ ಪಾದಗಳನ್ನು. ಗಾಡಿಯ ಮೂತಿಗೆ ಒಂದು ಗೇಣು ದೂರದಲ್ಲಿ ಸುರಗಿ ಕಣ್ಣು ಬಿಗಿಯಾಗಿ ಮುಚ್ಚಿ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಮಂಗಳಾರತಿಗೆ ಕಾದವಳ ಹಾಗೆ ನಿಂತಿದ್ದಳು.

"ಭಾಗಕ್ಕಾ, ಬನ್ನಿ ಇತ್ತ! ನಿಮ್ಮ ಮಗಳು ಇವತ್ತು ನನ್ನ ಜೀವ ತೆಗೀತಿದ್ಳು!" ಎಂದು ಕೆಂಚಪ್ಪ ಕೂಗಿದ. ಅವನ ದನಿಯಲ್ಲಿ ಸಿಟ್ಟಿಗಿಂತ ನಡುಕ ಹೆಚ್ಚಿತ್ತು. "ಕಣ್ಮುಚ್ಕೊಂಡು ಬೀದಿ ಮಧ್ಯ ನಿಂತ್ಕೊಳೋದಾ? ಏನ್ ಕಣ್ಣಾಮುಚ್ಚಾಲೆ ಆಟವಾ ಇದು?"

ನಾನು ಮಗಳನ್ನು ಪಕ್ಕಕ್ಕೆ ಎಳೆದು ಅವಚಿಕೊಂಡೆ. ಅವಳು ಆಗ ಕಣ್ಣು ಬಿಟ್ಟಳು. ಗಾಡಿಯನ್ನು ನೋಡಿದಳು, ಚೆಲ್ಲಿದ ಹಾಲನ್ನು ನೋಡಿದಳು.

"ನೀನು ಬರ್ತಾ ದಾರೀಲಿ ಹಿಮ್ಮಡಿ ಒತ್ತಿ ಮೊರೆಸಲಿಲ್ವೇನೋ ಕೆಂಚಪ್ಪ?" ಎಂದೆ.

ಅವನು ತಲೆ ತಗ್ಗಿಸಿದ. "ಬೀದಿ ಖಾಲಿ ಅನ್ಕೊಂಡೆ ಅಕ್ಕ. ಆ ತುದೀಲಿ ನೆಲಕ್ಕೆ ಒಂದ್ಸಲ ಒದ್ದೋನು ಹಂಗೇ ಬಿಟ್ಬಿಟ್ಟೆ. ಚಳಿ ಇತ್ತು, ಕೈ ಎರಡೂ ಕಂಕುಳಲ್ಲಿ ಇಟ್ಕೊಂಡಿದ್ದೆ. ತಲೆ ಎತ್ತಿ ನೋಡ್ತೀನಿ, ಈ ಕೂಸು." ಆಮೇಲೆ ನನ್ನ ಮುಖ ನೋಡಿ ಇನ್ನೂ ಮೆತ್ತಗಾದ. "ಹಾಲು ಹೋದ್ರೆ ಹೋಯ್ತು ಬಿಡಿ. ಮಗೀಗೆ ಬಿಸಿನೀರು ಕುಡ್ಸಿ."

ಅಂದಿನಿಂದ ದೇವರ ಮುಂದೆ ದೀಪ ಹಚ್ಚುವಾಗ ಕೆಂಚಪ್ಪನ ಬಲಗಾಲ ಹಿಮ್ಮಡಿಯನ್ನು ನೆನೆಯದೆ ನಾನು ಎದ್ದವಳಲ್ಲ. ದೇವರು ತಪ್ಪು ತಿಳಿಯಲಾರ.

ನಮ್ಮೂರಲ್ಲಿ ಒಂದೇ ವೇಗದಲ್ಲಿ ನೆಟ್ಟಗೆ ಸಾಗುವುದಕ್ಕೆ ಸದ್ದಿಲ್ಲ. ವೇಗ ಏರಿದರೆ ಮೊರೆಯುತ್ತದೆ, ಇಳಿದರೂ ಮೊರೆಯುತ್ತದೆ, ವೇಗ ಅಷ್ಟೇ ಇದ್ದು ಪಕ್ಕಕ್ಕೆ ತಿರುಗಿದರೂ ಮೊರೆಯುತ್ತದೆ. ಗಕ್ಕನೆ ಬದಲಾದರೆ ಜೋರಾಗಿ, ಮೆಲ್ಲಗೆ ಬದಲಾದರೆ ಮೆಲ್ಲಗೆ. ಬದಲಾಗದೆ ಇದ್ದರೆ ಎಷ್ಟೇ ರಭಸದಿಂದ ಹೋಗುತ್ತಿರಲಿ, ಮೌನ. ಗಾಲಿಯ ಗಾಡಿಗಳನ್ನು ನಮ್ಮ ಹಿರಿಯರು ಎಂದೋ ಊರಾಚೆ ಬಿಟ್ಟುಬಂದರು. ಗಾಲಿಯ ಅಂಚು ಒಂದು ಗಳಿಗೆಯೂ ನೆಟ್ಟಗೆ ಹೋಗುವುದಿಲ್ಲ, ತಿರುಗುತ್ತಲೇ ಇರುತ್ತದೆ, ಹಾಗಾಗಿ ಇಡೀ ದಿನ ಗೊಣಗುತ್ತದೆ. ತಲೆ ಚಿಟ್ಟು ಹಿಡಿಯುತ್ತದೆ. ನಮ್ಮದೆಲ್ಲ ಜಾರುಗಾಡಿ. ಬೀದಿಯ ನಡುವೆ ನುಣುಪಾದ ಕರಿಕಲ್ಲಿನ ಪಟ್ಟಿ, ಅದಕ್ಕೆ ಎಣ್ಣೆ. ಹಿಂದೆ ನಿಂತು ಒಮ್ಮೆ ಒದ್ದರೆ ಗಾಡಿ ಬೀದಿಯ ಆ ತುದಿ ಮುಟ್ಟುತ್ತದೆ. ನಿಲ್ಲಿಸಬೇಕಾದರೆ ಪಟ್ಟಿಯ ಪಕ್ಕದ ಒರಟು ನೆಲಕ್ಕೆ ಹಿಮ್ಮಡಿ ಊರಬೇಕು. ಎದುರಿನವರಿಗೆ ಗಾಡಿ ಬರುವುದು ತಿಳಿಯಲೆಂದು ದಾರಿಯಲ್ಲೂ ಆಗಾಗ ಹಿಮ್ಮಡಿ ಒತ್ತಿ ಮೊರೆಸುತ್ತಿರಬೇಕು.

ಹೀಗೆ ಬದುಕಿ ನಮಗೆ ರೂಢಿಯಾಗಿದೆ. ಮನುಷ್ಯರ ನಡಿಗೆಯಲ್ಲಿ ಹೆಜ್ಜೆ ಹೆಜ್ಜೆಗೂ ವೇಗ ಏರಿ ಇಳಿಯುವುದರಿಂದ ಒಬ್ಬೊಬ್ಬರಿಗೂ ಒಂದು ಸಣ್ಣ ಗುನುಗು. ನಮ್ಮ ಅತ್ತೆಯ ಮಂಡಿನೋವಿನ ಕಾಲು ಹಿತ್ತಲಲ್ಲಿದ್ದರೂ ಅಡುಗೆಮನೆಗೆ ತಿಳಿಯುತ್ತದೆ. ನಾನು ಬೆಲ್ಲದ ಡಬ್ಬಿ ಮುಚ್ಚಿಡುವಷ್ಟು ಸಮಯ ಸಿಗುತ್ತದೆ. ಮಳೆ ಮಾತ್ರ ಸುಳಿವು ಕೊಡುವುದಿಲ್ಲ. ಹನಿಗಳು ಮೋಡ ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲಿ ಅವುಗಳ ವೇಗ ಒಂದೇ ಸಮನಾಗಿಬಿಡುತ್ತದಂತೆ, ಆಮೇಲೆ ಹೆಂಚಿಗೆ ಬಡಿದಾಗಲೇ ಗೊತ್ತಾಗುವುದು. ಬಟ್ಟೆ ಒಣಹಾಕಿದವರ ಪಾಡು ಕೇಳಬೇಡಿ. ಸುರಗಿ ಕೂಸಾಗಿದ್ದಾಗ ತೊಟ್ಟಿಲು ತೂಗುತ್ತಾ ನಾನು ಹಾಡಬೇಕಿರಲಿಲ್ಲ. ತೊಟ್ಟಿಲು ಆ ಕೊನೆಗೆ ಹೋಗಿ, ಹಿಂತಿರುಗುವ ಮೊದಲು ಒಂದು ಕ್ಷಣ ನಿಂತಾಗ ಮೊರೆಯುತ್ತಿತ್ತು. ನಡುವೆ ಭರ್ರನೆ ಹಾಯುವಾಗ ಹೆಚ್ಚುಕಡಿಮೆ ಮೌನ. ಈ ಕೊನೆಗೆ ಬಂದು ನಿಂತಾಗ ಮತ್ತೆ ಮೊರೆತ. ಬೇರೆ ಮಕ್ಕಳು ಮೊರೆತಕ್ಕೆ ನಿದ್ದೆ ಹೋದರೆ ನನ್ನ ಮಗಳು ಆ ನಡುವಿನ ಮೌನಕ್ಕೆ ಕಣ್ಣರಳಿಸಿ ಏನನ್ನೋ ಹುಡುಕುವ ಹಾಗೆ ನೋಡುತ್ತಿದ್ದಳು.

ಅವಳದು ಹುಟ್ಟಿನಿಂದಲೂ ಮಾತು ಕಡಿಮೆ. ಮಾತಾಡುವುದೇ ಇಲ್ಲವೆಂದಲ್ಲ. ಹಸಿವಾದರೆ ಹೇಳುತ್ತಾಳೆ, ಬೆಕ್ಕು ಮರಿ ಹಾಕಿದರೆ ಬಂದು ಹೇಳುತ್ತಾಳೆ. ಆದರೆ ಎಲ್ಲ ಮಕ್ಕಳೂ ಮಾಡುವ ಒಂದು ಕೆಲಸವನ್ನು ಅವಳು ಮಾಡಿದ್ದಿಲ್ಲ: ಪ್ರಶ್ನೆ ಕೇಳಿದ್ದಿಲ್ಲ. ಅಕ್ಕಪಕ್ಕದ ಮಕ್ಕಳು ಯಾಕೆ, ಎಲ್ಲಿ, ಏನು ಎಂದು ತಾಯಂದಿರ ಪ್ರಾಣ ಹಿಂಡುವಾಗ ನನ್ನನ್ನು ನೋಡಿ ಅವರು ಹೊಟ್ಟೆಕಿಚ್ಚುಪಟ್ಟಿದ್ದುಂಟು. "ಪುಣ್ಯವಂತೆ ಕಣೇ ನೀನು" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ನಮ್ಮ ಮನೆಯ ಕಡೆ ಇರುವುದು ಚಿಕ್ಕ ಶಾಲೆ. ದೊಡ್ಡ ಶಾಲೆ ದೊಡ್ಡ ಬೀದಿಯ ಆಚೆಗಿದೆ. ಆ ಬೀದಿಯನ್ನು ಒಬ್ಬರೇ ದಾಟುವ ಮಕ್ಕಳಿಗೆ ಮಾತ್ರ ಅಲ್ಲಿಗೆ ಪ್ರವೇಶ. ಅದಕ್ಕೊಂದು ಪರೀಕ್ಷೆಯುಂಟು. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ಬೀದಿಯ ಅಂಚಿನಲ್ಲಿ ನಿಲ್ಲಿಸುತ್ತಾರೆ. ಗಾಡಿಗಳು ಹೊರಡುತ್ತವೆ, ನಿಲ್ಲುತ್ತವೆ, ತಿರುಗುತ್ತವೆ. ಮಗು ಕಿವಿಯಿಂದಲೇ ತಿಳಿದು ಹೇಳಬೇಕು. ಕೊನೆಗೆ ಎಲ್ಲ ಮೊರೆತ ಅಡಗಿದಾಗ "ಖಾಲಿ" ಎಂದು ಹೇಳಿ ದಾಟಬೇಕು. ನಾವೆಲ್ಲ ಹಾಗೇ ದಾಟಿದವರು. ಸುರಗಿ ಎರಡು ಸಲ ನಿಂತಳು. ಹೊರಟಿತು, ನಿಂತಿತು, ತಿರುಗಿತು ಎಂದು ಮೆಲುದನಿಯಲ್ಲಿ ಒಂದೂ ತಪ್ಪಿಲ್ಲದೆ ಹೇಳಿದಳು. ಮೌನ ಬಂದಾಗ ಮಾತ್ರ ಬಾಯಿ ಬಿಡಲಿಲ್ಲ. ಎಷ್ಟು ಹೊತ್ತು ಕಾದರೂ "ಖಾಲಿ" ಎನ್ನಲಿಲ್ಲ. ಎರಡು ಸಲವೂ ಕಣ್ಣಿನ ಬಟ್ಟೆ ಬಿಚ್ಚಿ ಮನೆಗೆ ಕಳಿಸಿದರು. ಈ ಸಲವೂ ಆಗದಿದ್ದರೆ ಅವಳ ಜೊತೆಯವರೆಲ್ಲ ಆಚೆ ಹೋಗಿ, ಅವಳೊಬ್ಬಳು ಮೂಗು ಸುರಿಸುವ ಮಕ್ಕಳ ನಡುವೆ ಇನ್ನೊಂದು ವರ್ಷ ಕೂರಬೇಕಿತ್ತು. ಅಷ್ಟೇ ಆಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಹಾಲಿನ ಗಾಡಿಯ ಸುದ್ದಿ ಕೇಳಿ ಅಂದು ಮಧ್ಯಾಹ್ನವೇ ವಾರಿಜಾ ಟೀಚರ್ ನಮ್ಮ ಮನೆಗೆ ಬಂದರು. ಚಿಕ್ಕ ಶಾಲೆಗೆ ಅವರೊಬ್ಬರೇ ಟೀಚರ್. ಪರೀಕ್ಷೆ ಮಾಡುವವರೂ ಅವರೇ. ನಾನು ಹಪ್ಪಳದ ಹಿಟ್ಟು ನಾದುತ್ತಿದ್ದೆ. ಕೈ ತೊಳೆಯಲು ಎದ್ದರೆ ಬೇಡವೆಂದು ಅಲ್ಲೇ ಎದುರಿಗೆ ಕೂತು, ಒಂದು ಉಂಡೆ ತೆಗೆದುಕೊಂಡು ತಾವೂ ಲಟ್ಟಿಸತೊಡಗಿದರು. ಸುರಗಿ ಒಳಗೆ ಮಲಗಿದ್ದಳು.

"ಎಲ್ಲಿ ನಿಂತಿದ್ಳು?" ಎಂದು ಕೇಳಿದರು. ಹೇಳಿದೆ. "ಕಣ್ಣು ಮುಚ್ಚಿದ್ಳಾ?" ಹೌದೆಂದೆ. "ಕೆಂಚಪ್ಪ ಹಿಮ್ಮಡಿ ಒತ್ತಿರ್ಲಿಲ್ಲ." ಅದು ಪ್ರಶ್ನೆಯಾಗಿರಲಿಲ್ಲ. ಲಟ್ಟಣಿಗೆ ನಿಂತಿತು.

"ಸುರಗಿ ಅಮ್ಮ, ನಾನು ಇಷ್ಟು ದಿನ ಇವಳಿಗೆ ಹೆದರಿಕೆ ಅಂತ ತಿಳ್ಕೊಂಡಿದ್ದೆ. ಹೆದರಿಕೆ ಅಲ್ಲ ಇದು. ಒಂದೇ ಸಮ ಬರೋ ಗಾಡಿ ಮೊರೆಯಲ್ಲ. ಬೀದಿ ಖಾಲಿ ಇದ್ರೂ ಮೊರೆತ ಇಲ್ಲ. ಕಿವಿಗೆ ಎರಡೂ ಒಂದೇ. ಮತ್ತೆ ಮೌನ ಅಂದ್ರೆ ಖಾಲಿ ಅಂತ ಹೇಳು ಅಂದ್ರೆ ಅವಳು ಹೇಗೆ ಹೇಳ್ತಾಳೆ? ಪರೀಕ್ಷೆಗೆ ನಾವು ನಿಲ್ಲಿಸಿದ ಗಾಡಿ ನಿಂತೇ ಇರುತ್ತೆ, ಅದಕ್ಕೆ ಮಿಕ್ಕ ಮಕ್ಕಳ ಮಾತು ನಿಜ ಆಗ್ತಿತ್ತು. ಇವಳಿಗೆ ಸಂಶಯ ಬಂದಿದೆ."

"ಸಂಶಯ ಬಂದ್ರೆ ಕೇಳ್ಬಹುದಿತ್ತಲ್ಲ ಟೀಚರ್?"

"ಕೇಳೋ ಮಗು ಆಗಿದ್ರೆ ಕೇಳ್ತಿತ್ತು. ಕೇಳಲ್ಲ ನೋಡಿ, ಅದಕ್ಕೇ ಹೋಗಿ ನಿಂತು ನೋಡಿದ್ದಾಳೆ."

ನನ್ನ ಕೈ ಹಿಟ್ಟಿನಲ್ಲೇ ಉಳಿಯಿತು. ಅಂದರೆ ಬೆಳಿಗ್ಗೆ ನನ್ನ ಮಗಳು ದಾರಿ ತಪ್ಪಿ ಬೀದಿಗಿಳಿದದ್ದಲ್ಲ. ಮೌನವಾದ ಬೀದಿ ನಿಜಕ್ಕೂ ಖಾಲಿಯೋ ಅಲ್ಲವೋ ಎಂದು ತಿಳಿಯಲು ತನ್ನ ಮೈಯನ್ನೇ ಒಡ್ಡಿ ನಿಂತಿದ್ದಳು. ಬಾಯಿಬಿಟ್ಟು ಒಂದು ಮಾತು ಕೇಳುವ ಬದಲು ಅವಳಿಗೆ ಅದು ಸುಲಭವಾಗಿ ಕಂಡಿತ್ತು.

"ಪರೀಕ್ಷೆಯನ್ನ ನಾನು ಸರಿಮಾಡ್ತೀನಿ" ಎಂದರು ಟೀಚರ್. "ಅದು ನನ್ನ ಕೆಲಸ. ಆದ್ರೆ ಉತ್ತರ ಅವಳಿಗೆ ಹೇಳ್ಬೇಡಿ. ಹೇಳಿದ್ರೆ ಈ ಬೀದಿ ಒಂದು ದಾಟ್ತಾಳೆ. ನಾಳೆ ಬಾವಿ ಎಷ್ಟು ಆಳ ಅಂತ ಸಂಶಯ ಬಂದ್ರೆ? ಬಾಯಿ ಬಿಡೋದನ್ನ ಕಲೀಬೇಕು ಅವಳು."

"ಹೇಗೆ ಕಲಿಸ್ಲಿ ಟೀಚರ್? ಏನು ಬೇಕು ಕೇಳು, ಕೇಳು ಅಂತ ದಿನಾ ಗೋಗರೀತೀನಿ."

"ಅದನ್ನ ಬಿಡಿ. ನೀವೇ ಕೇಳಿ. ಅವಳನ್ನಲ್ಲ, ಮನೇಲಿರೋರನ್ನೆಲ್ಲ. ಗೊತ್ತಿಲ್ಲದ್ದನ್ನ ಜೋರಾಗಿ ಕೇಳಿ." ಅವರು ಲಟ್ಟಿಸಿದ ಹಪ್ಪಳ ನಕ್ಷೆಯ ಹಾಗೆ ಆಕಾರಗೆಟ್ಟಿತ್ತು. ಅದನ್ನು ನೋಡಿ ಇಬ್ಬರೂ ನಕ್ಕೆವು. ಅವರು ಹೋದಮೇಲೂ ಆ ಹಪ್ಪಳವನ್ನು ನಾನು ಬೇರೆಯಾಗಿಯೇ ಒಣಗಿಸಿದೆ. ಮನೆಯವರು ಕರಿದು ತಿನ್ನಲು ಬಂದಾಗ ಮುಟ್ಟಬೇಡಿ ಎಂದು ಗದರಿದೆ.

ಮರುದಿನದಿಂದ ನಮ್ಮ ಮನೆ ಕೇಳುವ ಮನೆಯಾಯಿತು. ಮೊದಲು ನನಗೇ ನಾಚಿಕೆ. ಉದ್ದು ರುಬ್ಬುತ್ತಾ ಕೂತವಳು, ಪಡಸಾಲೆಯಲ್ಲಿ ಸುರಗಿ ಅವರೆಕಾಯಿ ಸುಲಿಯುತ್ತಿರುವುದನ್ನು ನೋಡಿಕೊಂಡು, ಗಂಟಲು ಸರಿಮಾಡಿಕೊಂಡು ಕೇಳಿದೆ: "ಅತ್ತೆ, ನಾನು ಗುಂಡನ್ನ ಒಂದೇ ಸಮ ತಿರುಗಿಸ್ತಾ ಇದೀನಿ. ಹೆಚ್ಚೂ ಇಲ್ಲ, ಕಡಿಮೆನೂ ಇಲ್ಲ. ಆದ್ರೂ ಯಾಕೆ ಮೊರೀತದೆ?"

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ನಿಂಗೇನಾಯ್ತೇ ಭಾಗೀ? ಉದ್ದು ರುಬ್ಬೇ ಅಂದ್ರೆ ನನ್ನ ತಲೆ ರುಬ್ತೀಯಲ್ಲ!"

"ಗೊತ್ತಿದ್ರೆ ಹೇಳಿ ಅತ್ತೆ."

"ಗುಂಡು ಮೊರೀದೆ ಏನು ಭಜನೆ ಮಾಡುತ್ತಾ? ನಮ್ಮತ್ತೆ ಕಾಲದಿಂದ್ಲೂ ಮೊರೀತದೆ." ಹಾಗೆಂದವರು ಸ್ವಲ್ಪ ಹೊತ್ತಾದ ಮೇಲೆ, ಬತ್ತಿ ಕೈಯಲ್ಲೇ ಹಿಡಿದು, "ಅಲ್ವೇ, ನೆಟ್ಟಗೆ ಹೋಗೋ ಗಾಡಿ ಮೊರೀಯಲ್ಲ, ಇದು ಸುತ್ತು ಹೊಡೀತದೆ. ಸುತ್ತೋದು ಅಂದ್ರೆ ಗಳಿಗೆ ಗಳಿಗೆಗೂ ಮಗ್ಗುಲಾಗ್ತಾ ಇರೋದು ಅಂತಲೋ ಏನೋ" ಎಂದರು. ತಮ್ಮ ಮಾತಿಗೆ ತಾವೇ ಬೆರಗಾದವರ ಹಾಗೆ ಮತ್ತೆ, "ಇಷ್ಟು ವರ್ಷ ರುಬ್ಬಿದೀನಿ, ಒಂದಿನ ಯೋಚನೆ ಮಾಡಿರ್ಲಿಲ್ಲ ನೋಡು" ಎಂದರು. ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು.

ಸಂಜೆ ಮನೆಯವರು ಉಣ್ಣಲು ಕೂತಾಗ ಕೇಳಿದೆ: "ನಡುಮನೆ ಉಯ್ಯಾಲೆ ತುದೀಲಿ ನಿಂತಾಗ ಯಾಕೆ ಅಷ್ಟು ಮೊರೀತದೆ? ನಿಂತದ್ದಕ್ಕೆ ವೇಗವೇ ಇಲ್ಲವಲ್ಲ?"

"ನಂದೊಂದು ಪ್ರಶ್ನೆ ಇದೆ" ಎಂದರು ಅವರು. "ಈ ಸಾರಿಗೆ ಉಪ್ಪು ಯಾಕಿಲ್ಲ?"

ಸುರಗಿ ನಕ್ಕಳು. ಆ ನಗುವಿಗಾಗಿ ನಾನು ವಾರವಿಡೀ ಉಪ್ಪಿಲ್ಲದ ಸಾರು ಮಾಡಲು ತಯಾರಿದ್ದೆ. ಅವರು ಕೈ ತೊಳೆದು ಉಯ್ಯಾಲೆಯ ಮೇಲೆ ಕೂತು ಒಂದೆರಡು ಸಲ ಜೀಕಿದರು. "ಆ ತುದೀಲಿ ನಿಂತಂಗೆ ಕಾಣುತ್ತೆ ಕಣೇ, ಆದ್ರೆ ಅಲ್ಲೇ ನೋಡು ದಿಕ್ಕು ಬದಲಾಯಿಸೋದು. ಹೋಗೋದು ಬರೋದಾಗುತ್ತೆ. ನಿಂತದ್ದು ಬೇರೆ, ಬದಲಾಗದೆ ಇರೋದು ಬೇರೆ" ಎಂದರು. ಮಗಳು ಅವರ ಮುಖವನ್ನೇ ನೋಡುತ್ತಿದ್ದಳು. ನನಗೂ ಹೊಸದೇ ಆಗಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವಿಬ್ಬರೂ ತರಕಾರಿ, ಕರೆಂಟು, ನೆಂಟರು ಬಿಟ್ಟು ಬೇರೆ ವಿಷಯ ಮಾತಾಡಿದ್ದು ಅಪರೂಪ. ಅದೂ ಮಗಳ ದೆಸೆಯಿಂದಲೇ ಬಂತು.

ಅವಳು ಮಾತ್ರ ಏನೂ ಕೇಳಲಿಲ್ಲ. ಕೇಳಬೇಕೆಂದು ತುಟಿ ಅಲುಗುವುದು, ಮತ್ತೆ ಮುಚ್ಚಿಕೊಳ್ಳುವುದು. ಆ ತುಟಿಯನ್ನು ನೋಡುತ್ತಾ ನೋಡುತ್ತಾ ನಾನು ಎಷ್ಟು ಸಲ ಹಾಲು ಉಕ್ಕಿಸಿದೆನೋ. ಆ ದಿನಗಳಲ್ಲಿ ಅವಳ ಕೈ ಬಿಟ್ಟು ನಾನು ಬೀದಿಗಿಳಿದದ್ದೇ ಇಲ್ಲ. ಬಾವಿಕಟ್ಟೆಗೆ ಹೋದರೆ ಸೆರಗಿನ ತುದಿಯನ್ನು ಅವಳ ಮಣಿಕಟ್ಟಿಗೆ ಸುತ್ತುತ್ತಿದ್ದೆ.

ಪರೀಕ್ಷೆ ಇನ್ನೇನು ಹತ್ತಿರ ಬಂದಾಗ, ಒಂದು ಬೆಳಿಗ್ಗೆ ಕೆಂಚಪ್ಪ ಹಾಲು ಅಳೆಯುತ್ತಿರುವಾಗ ಅವನನ್ನೂ ಬಿಡಲಿಲ್ಲ. ಸುರಗಿ ನನ್ನ ಪಕ್ಕದಲ್ಲೇ ಚೊಂಬು ಹಿಡಿದು ನಿಂತಿದ್ದಳು. "ಕೆಂಚಪ್ಪ, ಮೊರೆತ ಇಲ್ದೆ ಒಂದೇ ಸಮ ಹೋಗ್ತಿರ್ತೀಯಲ್ಲ, ಆಗ ಗಾಡಿ ಹೋಗ್ತಾ ಇದೆ ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ?"

ಅವನು ಅಳತೆಯ ಪಾವನ್ನು ಕ್ಯಾನಿನ ಅಂಚಿಗೆ ಸಿಕ್ಕಿಸಿ ಕಿವಿ ತುರಿಸಿಕೊಂಡ. "ಅದನ್ನ ಹೇಳಾಕಾಗಲ್ಲ ಅಕ್ಕ. ಹತ್ತಿ ನೋಡಿ."

ಬೀದಿಯವರೆಲ್ಲ ಕಿಟಕಿಯಲ್ಲಿ ನೋಡುತ್ತಿರುವಾಗ, ಹಾಲಿನ ಗಾಡಿಯ ಮೇಲೆ, ಕ್ಯಾನುಗಳ ಮಧ್ಯೆ, ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡು ನಾನು ಕೂತೆ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡೆ. "ಏನ್ ಭಾಗಕ್ಕ, ತೌರಿಗಾ?" ಎಂದು ಯಾರೋ ಕೂಗಿದರು. "ಹೂಂ, ಹಾಲು ಕುಡ್ಯಕೆ" ಎಂದು ನಾನೂ ಕೂಗಿದೆ. ಕೆಂಚಪ್ಪ ಒಂದು ಕ್ಯಾನಿನ ಮುಚ್ಚಳ ತೆಗೆದು ಸುರಗಿಯ ಮುಂದಿಟ್ಟ. "ಮಗ, ಬೀದಿ ನೋಡ್ಬೇಡ. ಹಾಲು ನೋಡ್ತಾ ಇರು" ಎಂದು ಒದ್ದ.

ಗಾಡಿ ಮೊರೆಯಿತು. ಕ್ಯಾನಿನೊಳಗೆ ಹಾಲು ಹಿಂದಿನ ಗೋಡೆಗೆ ಏರಿತು.

"ಹಾಲು ಹಿಂದೆ ಹೋಯ್ತು" ಎಂದಳು ಸುರಗಿ.

ಮೊರೆತ ಅಡಗಿತು. ಹಾಲು ಇಳಿದು, ತಟ್ಟೆಯಲ್ಲಿ ಹಾಕಿದ ಅಂಬಲಿಯ ಹಾಗೆ ಸಮವಾಗಿ ನಿಂತಿತು. "ಈಗ ಕಣ್ಮುಚ್ಚಿ ಅಕ್ಕ" ಎಂದ ಕೆಂಚಪ್ಪ. ಮುಚ್ಚಿದೆ. ಗಾಳಿಯೊಂದು ಮುಖಕ್ಕೆ ತಾಗುತ್ತಿತ್ತು. ನಮ್ಮ ಹಿತ್ತಲಲ್ಲೂ ಅಂಥ ಗಾಳಿ ದಿನಾ ಇರುತ್ತದೆ. ಉಳಿದಂತೆ ಅಡುಗೆಮನೆಯ ಮಣೆಯ ಮೇಲೆ ಕೂತ ಹಾಗಿತ್ತು, ಮೈಗೆ ಏನೂ ತಿಳಿಯಲಿಲ್ಲ. ಮಗಳ ಕೂದಲ ಎಣ್ಣೆಯ ವಾಸನೆ, ಹಸಿಹಾಲಿನ ವಾಸನೆ. "ನಿಲ್ಸಿಬಿಟ್ಯೇನೋ?" ಎನ್ನುತ್ತಾ ಕಣ್ಣು ಬಿಟ್ಟರೆ, ಎರಡೂ ಕಡೆ ಮನೆಗಳು, ಜಗಲಿಗಳು, ಮುದುಕರು, ಬಿಂದಿಗೆಗಳು ಹಿಂದಕ್ಕೆ ಓಡುತ್ತಿದ್ದವು! ಕಿಟಾರನೆ ಕಿರುಚಿ ಕ್ಯಾನನ್ನು ತಬ್ಬಿಕೊಂಡೆ. ಕೆಂಚಪ್ಪ ಬಿದ್ದು ಬಿದ್ದು ನಕ್ಕ.

ಸುರಗಿ ಮಡಿಲಲ್ಲೇ ತಿರುಗಿ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಮರೆಯಲಾರೆ. "ಅಮ್ಮ, ನಿಂಗೂ ಗೊತ್ತಾಗ್ಲಿಲ್ಲ" ಎಂದಳು.

"ಇಲ್ಲ ಕಂದ, ಒಂಚೂರೂ ಗೊತ್ತಾಗ್ಲಿಲ್ಲ."

"ನಂಗೂ ಗೊತ್ತಾಗಲ್ಲ ಮಗ" ಎಂದ ಕೆಂಚಪ್ಪ. "ಹುಟ್ಟಿದಾಗಿಂದ ಇದರ ಮೇಲೇ ಇದೀನಿ. ಕಣ್ಣು ಮುಚ್ಚಿದ್ರೆ ನಾನೂ ಮನೇಲಿ ಮಲಗಿದೋನೇ. ಬದಲಾದ್ರೆ ಮಾತ್ರ ಹೇಳಬಲ್ಲೆ, ನೋಡು ಈಗ." ಹಿಮ್ಮಡಿ ಒತ್ತಿದ. ಗಾಡಿ ಮೊರೆಯಿತು, ಹಾಲು ಮುಂದಿನ ಗೋಡೆಗೆ ಏರಿತು. "ಮುಂದೆ!" ಎಂದಳು ಸುರಗಿ. ಬೀದಿ ತಿರುಗುವಲ್ಲಿ ಅವನು ಮೈ ವಾಲಿಸಿದ. "ಪಕ್ಕಕ್ಕೆ!" ಮತ್ತೆ ನೆಟ್ಟನೆಯ ಬೀದಿ. ಹಾಲು ಸಮ, ಮೌನ. ಅವಳು ಸುಮ್ಮನೆ ಆ ಬಿಳಿ ವೃತ್ತವನ್ನು ನೋಡುತ್ತಾ ಕೂತಳು. ಗಾಡಿ ಮನೆಮನೆಯ ಮುಂದೆ ನಿಲ್ಲುತ್ತಾ ಹೊರಡುತ್ತಾ, ಊರೆಲ್ಲ ಸುತ್ತಿ ನಮ್ಮನ್ನು ಮನೆಗೆ ತಂದು ಬಿಟ್ಟಿತು. ಹಾಲು ಹಂಚುವುದು ಅಂದು ತಡವಾಯಿತು. ಯಾರೂ ಬೈಯಲಿಲ್ಲ, ಕಾಫಿ ತಡವಾದರೂ.

ಇಳಿದು ಜಗಲಿ ಹತ್ತುವಾಗ ಅವಳು ನನ್ನ ಸೆರಗು ಹಿಡಿದಳು. "ಎಲ್ರಿಗೂ ಗೊತ್ತು, ನಂಗೊಬ್ಳಿಗೇ ಗೊತ್ತಿಲ್ಲ ಅನ್ಕೊಂಡಿದ್ದೆ" ಎಂದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೇಳಲು ಬಾಯಿತುಂಬ ಮಾತಿತ್ತು. ಟೀಚರ್ ಹೇಳಿದ್ದು ನೆನೆದು ನುಂಗಿಕೊಂಡು, ಅವಳ ತಲೆ ನೇವರಿಸಿದೆ.

ಪರೀಕ್ಷೆಯ ದಿನ ದೊಡ್ಡ ಬೀದಿಯ ಅಂಚಿಗೆ ಹಗ್ಗ ಕಟ್ಟಿದ್ದರು. ಹಗ್ಗದ ಈಚೆ ಮಕ್ಕಳು ನಿಲ್ಲಬೇಕು; ಗಾಡಿಗಳಿಗೆ ಹಗ್ಗ ಮುಟ್ಟುವ ಮೊದಲೇ ನಿಲ್ಲಲು ಗುರುತು ಹಾಕಿತ್ತು. ಸರದಿ ಬರದ ಮಕ್ಕಳು ಕಾಣದ ಹಾಗೆ ಶಾಲೆಯೊಳಗೆ, ಮುಗಿಸಿದವರು ಜಗಲಿಯ ಮೇಲೆ. ತಾಯಂದಿರು ನಾವೆಲ್ಲ ಬೇವಿನ ಮರದ ಕೆಳಗೆ ಕೈ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದೆವು. ಟೀಚರ್ ಪರೀಕ್ಷೆ ಸರಿಮಾಡುತ್ತೇನೆ ಎಂದಿದ್ದರಲ್ಲ, ಏನು ಮಾಡಿದ್ದಾರೆಂದು ನನಗೂ ಹೇಳಿರಲಿಲ್ಲ.

ಮೊದಲು ಬಂದವಳು ಸುರಗಿಯ ಗೆಳತಿ ತ್ರಿವೇಣಿ. ಎಣ್ಣೆಗಾಡಿ ಹೊರಟಿತು, ತಿರುಗಿತು, ನಿಂತಿತು. ಎಲ್ಲವನ್ನೂ ಗಿಳಿಯ ಹಾಗೆ ಹೇಳಿದಳು. ಆಮೇಲೆ ಮೌನ. "ಖಾಲಿ!" ಎಂದು ಕೂಗಿ ತಾನೇ ಕಣ್ಣಿನ ಬಟ್ಟೆ ಕಿತ್ತಳು. ಎದುರಿಗೆ ಕೆಂಚಪ್ಪನ ಗಾಡಿ ಸದ್ದಿಲ್ಲದೆ ಜಾರಿ ಬರುತ್ತಿತ್ತು. ಅವಳು "ಅವ್ವಾ!" ಎಂದು ಹಾರಿ ಟೀಚರ್ ಸೀರೆಯಲ್ಲಿ ಮುಖ ಹುದುಗಿಸಿದಳು. ಗಾಡಿ ಗುರುತಿನಲ್ಲಿ ನಿಂತು ಮೊರೆಯಿತು. ಮರದ ಕೆಳಗೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾವು ಚಿಕ್ಕವರಿದ್ದಾಗ ಅದೇ ಮಾತು ಹೇಳಿ ಅದೇ ಬೀದಿ ದಾಟಿದ್ದೆವು. "ಹೆದರ್ಬೇಡ, ನಿಂಗೆ ಇನ್ನೊಂದ್ಸಲ ಇದೆ. ಆದ್ರೆ ಜಗಲಿ ಮೇಲೆ ಬಾಯಿಗೆ ಕೈಯಿಟ್ಟು ಕೂತ್ಕೋಬೇಕು" ಎಂದು ಟೀಚರ್ ಅವಳನ್ನು ಕಳಿಸಿದರು. ಇನ್ನೂ ಕೆಲವು ಮಕ್ಕಳು ಬಂದರು, "ಖಾಲಿ" ಎಂದರು, ಬಾಯಿಗೆ ಕೈಯಿಟ್ಟು ಕೂತರು. ಜಗಲಿ ತುಂಬ ಕಣ್ಣರಳಿಸಿದ ಮೂಕ ಮಕ್ಕಳು. ಆ ಟೀಚರಿಗೆ ಊರು ಎಷ್ಟು ಋಣಿಯಾಗಿರಬೇಕೆಂದು ನಾನು ಯೋಚಿಸುತ್ತಿದ್ದಾಗಲೇ ಸುರಗಿಯನ್ನು ಕರೆದರು.

ನನ್ನ ಮಗಳು ಹೊರಗೆ ಬಂದಳು. ಟೀಚರ್ ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಗಂಟು ಬಿಗಿಯಾಯಿತೇ ಎಂದು ಕೇಳಿ, ಭುಜ ಹಿಡಿದು ಹಗ್ಗದ ಹತ್ತಿರ ನಿಲ್ಲಿಸಿದರು. ಎಣ್ಣೆಗಾಡಿ ಮೊರೆಯಿತು. "ಹೊರಡ್ತು" ಎಂದಳು. "ತಿರುಗ್ತು." ಸ್ವಲ್ಪ ತಡೆದು, "ನಿಂತ್ಕೊಳ್ತು." ದನಿ ಎಂದಿನಂತೆ ಸಣ್ಣದು, ಮಾತು ಎಂದಿನಂತೆ ಸರಿ.

ಆಮೇಲೆ ಮೌನ. ಬೀದಿಯ ಆ ತುದಿಯಿಂದ ಕೆಂಚಪ್ಪ ಹೊರಟಿದ್ದ. ಅವನು ಒದ್ದ ಮೊರೆತ ಅಷ್ಟು ದೂರದಿಂದ ಇಲ್ಲಿಗೆ ತಲುಪುವಂತಿರಲಿಲ್ಲ. ಈಗ ಒಂದೇ ಸಮನೆ ಬರುತ್ತಿದ್ದ, ಬಲಗಾಲನ್ನು ನೆಲದಿಂದ ಮೇಲೆತ್ತಿಕೊಂಡು, ಉಸಿರು ಹಿಡಿದವನ ಹಾಗೆ. ಬರುತ್ತಿರುವುದು ನನಗೆ ಕಾಣುತ್ತಿತ್ತು. ಅವಳಿಗೆ ಕೇಳುತ್ತಿರಲಿಲ್ಲ.

"ಏನಮ್ಮ ಸುರಗಿ?" ಎಂದರು ಟೀಚರ್. "ಬೀದಿ ಹೇಗಿದೆ?"

ಅವಳ ಒಂದು ಪಾದದ ಬೆರಳು ಮುಂದೆ ಸರಿದು ಹಗ್ಗವನ್ನು ಮುಟ್ಟಿತು. ಅಂದು ಹಾಲಿನಲ್ಲಿ ತೊಯ್ದ ಆ ಪುಟ್ಟ ಪಾದ. ನಾನು ಪಕ್ಕದವಳ ತೋಳನ್ನು ಹಿಸುಕಿ ಹಿಡಿದೆ. ಪಾದ ಹಿಂದೆ ಸರಿಯಿತು. ತುಟಿ ಅಲುಗಿತು, ಮುಚ್ಚಿತು, ಮತ್ತೆ ಅಲುಗಿತು. ಆಮೇಲೆ ಅವಳು ಟೀಚರ್ ಕಡೆಗಲ್ಲ, ನನ್ನ ಕಡೆಗಲ್ಲ, ಏನೂ ಕೇಳದ ಆ ಬೀದಿಯ ಕಡೆಗೇ ಮುಖ ತಿರುಗಿಸಿದಳು. ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, ಅವಳಿಗೆ ಅಂಥ ದನಿ ಇದೆಯೆಂದು ನನಗೇ ಗೊತ್ತಿಲ್ಲದಷ್ಟು ಗಟ್ಟಿಯಾಗಿ ಕೂಗಿದಳು:

"ಯಾರಾದ್ರೂ ಬರ್ತಾ ಇದ್ದೀರಾ?"